ತರಬೇತಿ ಇಲ್ಲದವಳು ಓದಿದ ಸಮುದ್ರ

ಸಮುದ್ರಕ್ಕೆ ಜ್ವರ ಬಂದಿತ್ತು.

ಜ್ವರ ನೋಡುವ ಕೆಲಸ ಸುಮಿತ್ರಳದು. ನೋಡಿದೆ ಎಂದು ಸಹಿ ಹಾಕುವ ಕೆಲಸ ರತ್ನಾಕರನದು. ಜ್ವರ ಬಂದಿದೆ ಎಂದು ದೇಶದೇಶಕ್ಕೆ ವಿಮಾನದಲ್ಲಿ ಹೋಗಿ ಹೇಳಿ ಬರುವ ಕೆಲಸ ರಾಮದಾಸ ಸಾರ್ ಅವರದು. ಒಂದೇ ಜ್ವರದ ಮೇಲೆ ಮೂರು ಮನೆಯ ಒಲೆ ಉರಿಯುತ್ತಿತ್ತು. ಯಾವ ಒಲೆ ಎಷ್ಟು ಉರಿಯುತ್ತಿತ್ತು ಎಂಬುದು ಬೇರೆ ಮಾತು.

ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನ ತುದಿಯಲ್ಲಿ, ಹಡಗು ಒಳಗೆ ಬರುವ ದಾರಿಗೆ ಮುಖ ಮಾಡಿ ನಿಂತಿದೆ ಪಶ್ಚಿಮ ಸಾಗರ ವೀಕ್ಷಣಾಲಯ. ಎರಡು ಮಹಡಿ, ಹನ್ನೊಂದು ಕಕ್ಕಸು, ಒಂದು ಪುಟ್ಟ ಜೆಟ್ಟಿ. ಸುಮಿತ್ರ ಅಲ್ಲಿ ಕಾಂಟ್ರಾಕ್ಟಿನ ಕಸಗುಡಿಸುವವಳು. ಬೆಳಿಗ್ಗೆ ಐದಕ್ಕೆ ಬಂದರೆ ಆರರ ಒಳಗೆ ಕೆಳಗಿನ ಕಕ್ಕಸುಗಳು ಮುಗಿಯುತ್ತವೆ. ಆರಕ್ಕೆ ಸಮುದ್ರ.

ಹನ್ನೊಂದು ವರ್ಷದ ಹಿಂದೆ ಅದು ಅವಳ ಕೆಲಸ ಆಗಿರಲಿಲ್ಲ. ಟೆಕ್ನಿಷಿಯನ್ ರತ್ನಾಕರನ ಕೆಲಸ. ರತ್ನಾಕರ ಮೈಸೂರಿನವನು, ಮನೆ ತೃಪ್ಪೂಣಿತ್ತುರದಲ್ಲಿ. ಆರಕ್ಕೆ ಇಲ್ಲಿರಬೇಕಾದರೆ ನಾಲ್ಕೂವರೆಗೆ ಏಳಬೇಕು. ಒಂದು ದಿನ ಅವಳನ್ನು ಜೆಟ್ಟಿಗೆ ಕರೆದ.

"ಸುಮಿತ್ರ, ಹೇಗೂ ಬೇಗ ಬರ್ತೀಯ. ಒಂದು ಬಕೆಟ್ ನೀರು ಎತ್ತೋದು, ಒಂದು ನಂಬರ್ ನೋಡೋದು. ಇದೇನು ಬ್ರಹ್ಮವಿದ್ಯೆ ಅಲ್ಲ ಕಣಮ್ಮ."

ಬ್ರಹ್ಮವಿದ್ಯೆ ಅಲ್ಲ, ನಿಜ. ಬ್ರಹ್ಮವಿದ್ಯೆಗೆ ಸೊಂಟ ಬೇಡ. ಇದಕ್ಕೆ ಬೇಕು. ದಪ್ಪ ಕ್ಯಾನ್ವಾಸಿನ ಬಕೆಟ್ಟನ್ನು ಹಗ್ಗ ಕಟ್ಟಿ ಎಸೆಯಬೇಕು. ಮೊದಲ ನೀರು ಬಕೆಟ್ಟನ್ನು ತೊಳೆಯಲು. ಅದನ್ನು ಚೆಲ್ಲಿ ಎರಡನೆಯ ನೀರು ಎಳೆಯಬೇಕು. ಹಗ್ಗ ಅಂಗೈ ಕೊಯ್ಯುತ್ತದೆ. ಎಳೆದ ನೀರನ್ನು ಗೋಡೆಯ ನೆರಳಿಗೆ ಒಯ್ದು ಥರ್ಮಾಮೀಟರ್ ಇಳಿಸಿ ಮೆಲ್ಲಗೆ ತಿರುವಬೇಕು. ಪಾದರಸ ನಿಲ್ಲುವ ತನಕ ಕಾಯಬೇಕು. ನೀರಿನಿಂದ ಎತ್ತಬಾರದು. ಎತ್ತಿದರೆ ಗಾಳಿ ಬಂದು ಡಿಗ್ರಿ ತಿನ್ನುತ್ತದೆ. ಆಮೇಲೆ ಜೆಟ್ಟಿಯ ಕೊನೆಯ ಮೆಟ್ಟಿಲಿಗೆ ಇಳಿದು, ಕುಕ್ಕುರುಗಾಲಲ್ಲಿ ಕೂತು, ನೀರಲ್ಲಿ ನಿಲ್ಲಿಸಿದ ಅಳತೆಕೋಲನ್ನು ನೋಡಿ ನೀರು ಎಷ್ಟು ಎತ್ತರ ಎಂದು ಓದಬೇಕು. ಆ ಮೆಟ್ಟಿಲ ತುಂಬ ಚಿಪ್ಪು. ಸುಮಿತ್ರಳ ಎರಡೂ ಹಿಮ್ಮಡಿಯಲ್ಲಿ ಆ ಚಿಪ್ಪಿನ ಬರವಣಿಗೆ ಇತ್ತು.

ಪಾದರಸ ನಿಲ್ಲಲು ಒಂದು ನಿಮಿಷ ಬೇಕು ಎಂದಿದ್ದ ರತ್ನಾಕರ. ಗಡಿಯಾರ ಕೊಟ್ಟಿರಲಿಲ್ಲ. ಸುಮಿತ್ರ ತನ್ನ ಅಜ್ಜಿಯ ಕಥೆಯನ್ನು ಗಡಿಯಾರ ಮಾಡಿಕೊಂಡಳು. ಮನಸ್ಸಿನಲ್ಲೇ ಅದನ್ನು ಮೊದಲಿಂದ ಕೊನೆಯವರೆಗೆ ಹೇಳಿ ಮುಗಿಸಿದರೆ ಸರಿಯಾಗಿ ಒಂದು ನಿಮಿಷ.

ಸೂರ್ಯ ಅಂತ ಒಬ್ಬ ಮುದುಕ. ದಿನಾ ಸಮುದ್ರಕ್ಕೆ ಇಳಿಯುತ್ತಾನೆ. ಉಪ್ಪನ್ನು ಕೆಳಗೇ ಬಿಟ್ಟು ಸಿಹಿಯನ್ನು ಮಾತ್ರ ಹೆಗಲಿಗೆ ಹೊರುತ್ತಾನೆ. ಗಟ್ಟ ಹತ್ತುತ್ತಾನೆ. ಮೇಲಿನ ಮನೆಯ ಹೆಂಚಿಗೂ ಹೊಯ್ಯುತ್ತಾನೆ, ನಮ್ಮ ಮುಳಿಹುಲ್ಲಿನ ಮಾಡಿಗೂ ಹೊಯ್ಯುತ್ತಾನೆ. ಯಾರು ಏನು ಎಂದು ಕೇಳುವುದಿಲ್ಲ. ಹೊಯ್ದದ್ದು ಹೊಳೆಯಾಗಿ ಸಮುದ್ರಕ್ಕೇ ಬರುತ್ತದೆ. ಮುದುಕ ಮತ್ತೆ ಇಳಿಯುತ್ತಾನೆ.

ಅಜ್ಜಿ ಈ ಕಥೆ ಹೇಳುತ್ತಿದ್ದದ್ದು ಕುಂಬಳೆಯ ಕಡೆಯ ಅವರ ಊರಿನಲ್ಲಿ, ಮೇಲಿನ ಮನೆಯ ಬಾವಿಯ ಬಳಿ ಕಾಯುವಾಗ. ಆ ಬಾವಿಯ ಹಗ್ಗ ಇವರು ಮುಟ್ಟುವಂತಿರಲಿಲ್ಲ. ಯಾರಾದರೂ ಬಂದು ಸೇದಿ, ಎತ್ತರದಿಂದ ಇವರ ಕೊಡಕ್ಕೆ ಹೊಯ್ಯಬೇಕು. ಬಾಯಾರಿದರೆ ಬೊಗಸೆಗೆ ಹೊಯ್ಯಬೇಕು. ಮಧ್ಯಾಹ್ನದ ತನಕ ಯಾರೂ ಬರದ ದಿನ ಅಜ್ಜಿ ಮುದುಕನ ಕಥೆಯನ್ನು ನಾಲ್ಕು ಸಲ ಹೇಳುತ್ತಿದ್ದಳು.

ಮುಂದೆ ಸುಮಿತ್ರ ಕನ್ನಡ ಶಾಲೆಯಲ್ಲಿ ಏಳನೆಯ ತನಕ ಓದಿದಳು. ಅಂಬಲಮುಗಳ್‌ನಲ್ಲಿ ಕಾಂಟ್ರಾಕ್ಟ್ ಕೆಲಸಕ್ಕಿದ್ದವನನ್ನು ಮದುವೆಯಾಗಿ ಕೊಚ್ಚಿಗೆ ಬಂದಳು. ಗಂಡ ಆರು ವರ್ಷದ ಹಿಂದೆ ಇಲಿಜ್ವರದಲ್ಲಿ ತೀರಿಕೊಂಡ. ಮರುದಿನವೂ ಅವಳು ಜೆಟ್ಟಿಗೆ ಬಂದು ಓದಿದ್ದಳು. ಅಂದು ಇಪ್ಪತ್ತೊಂಬತ್ತು ಪಾಯಿಂಟ್ ಒಂದು.

ಅವಳು ಓದಿದ ನಂಬರುಗಳು ರತ್ನಾಕರನ ಪುಸ್ತಕಕ್ಕೆ ಹೋದವು. ಪುಸ್ತಕದಿಂದ ಕಂಪ್ಯೂಟರಿಗೆ, ಕಂಪ್ಯೂಟರಿನಿಂದ ರಾಮದಾಸ ಸಾರ್ ಅವರ ಸ್ಲೈಡಿಗೆ ಹೋದವು. ಸಾರ್ ವೀಕ್ಷಣಾಲಯದ ಡೈರೆಕ್ಟರು. ಅವರೂ ಕುಂಬಳೆಯ ಕಡೆಯವರೇ. ಅವಳನ್ನು ಕಂಡರೆ ಕನ್ನಡದಲ್ಲೇ ಮಾತಾಡಿಸುವರು. ಅವರ ಸ್ಲೈಡನ್ನು ಸುಮಿತ್ರ ಮೀಟಿಂಗ್ ಹಾಲಿನ ನೆಲ ಒರೆಸುತ್ತ ನೋಡಿದ್ದಳು. ಸಮುದ್ರದಿಂದ ಮೋಡಕ್ಕೆ ಬಾಣ, ಮೋಡದಿಂದ ಗಟ್ಟಕ್ಕೆ ಬಾಣ, ಗಟ್ಟದಿಂದ ಹೊಳೆಗೆ ಬಾಣ. ಅಜ್ಜಿಯ ಕಥೆಯೇ. ಮುದುಕನ ಹೆಗಲು ಮಾತ್ರ ಇರಲಿಲ್ಲ. ಸಮುದ್ರ ಬಿಸಿಯಾದಷ್ಟೂ ಮೋಡದ ಹೊರೆ ಹೆಚ್ಚುತ್ತದೆ, ಒಂದು ಕಡೆ ಒಂದೇ ದಿನದಲ್ಲಿ ಸುರಿಯುತ್ತದೆ, ಇನ್ನೊಂದು ಕಡೆ ತಿಂಗಳುಗಟ್ಟಲೆ ಇಲ್ಲ ಎಂದಿದ್ದರು ಸಾರ್. ಅವಳಿಗೆ ಅರ್ಥವಾಯಿತು. ಮುದುಕನಿಗೂ ಜ್ವರ ಏರಿದೆ, ಹೊತ್ತದ್ದನ್ನು ಎಲ್ಲಿ ಇಳಿಸಬೇಕೆಂದು ತಿಳಿಯುತ್ತಿಲ್ಲ.

ಸಾರ್ ಇನ್ನೊಂದು ಮಾತು ಹೇಳಿದ್ದರು. ಬಿಸಿಯಾದ ನೀರು ಉಬ್ಬುತ್ತದೆ. ಸಮುದ್ರ ಉಬ್ಬುತ್ತಿದೆ.

ಒಲೆಯ ಮೇಲಿನ ಹಾಲು ಉಬ್ಬಿದರೆ ಎಲ್ಲಿಗೆ ಬರುತ್ತದೆ ಎಂದು ಹೆಂಗಸರಿಗೆ ಹೇಳಿಕೊಡಬೇಕಿಲ್ಲ. ಸಮುದ್ರ ಉಬ್ಬಿ ಬಂದದ್ದು ಸುಮಿತ್ರಳ ಅಡುಗೆಮನೆಗೆ.

*

ಅವಳ ಮನೆ ಇರುವುದು ಕೈತತುರುತ್ತಿನಲ್ಲಿ. ತುರುತ್ತು ಎಂದರೆ ಹಿನ್ನೀರಿನ ನಡುವಿನ ನಡುಗಡ್ಡೆ. ನಲವತ್ತಮೂರು ಮನೆ. ಅವಳು ಮದುವೆಯಾಗಿ ಬಂದಾಗ ವರ್ಷಕ್ಕೆ ಎರಡು ಸಲ, ಹುಣ್ಣಿಮೆಯ ದೊಡ್ಡ ಉಬ್ಬರದಲ್ಲಿ, ಉಪ್ಪುನೀರು ಅಂಗಳದ ತನಕ ಬಂದು ನೆಂಟರ ಹಾಗೆ ಹೋಗುತ್ತಿತ್ತು. ಈಗ ನವಂಬರಿನಿಂದ ಏಪ್ರಿಲ್ ತನಕ ಅದೇ ಮನೆಯವರು, ಇವರೇ ನೆಂಟರು. ಬೆಳಗಿನ ಜಾವ ಬಾಗಿಲ ಕೆಳಗಿಂದ ನುಸುಳಿ ಬರುತ್ತದೆ. ಮೊಣಕಾಲ ತನಕ ಏರುತ್ತದೆ. ಕಕ್ಕಸಿನ ಗುಂಡಿಯದ್ದನ್ನೂ ಜೊತೆಗೆ ಕರೆದುಕೊಂಡು ಬರುತ್ತದೆ. ಒಂಬತ್ತಕ್ಕೆ ಇಳಿದು ಹೋಗುತ್ತದೆ. ಹೆಂಗಸರು ಕೆಸರು ಗೋರುತ್ತಾರೆ. ಮರುದಿನ ಮತ್ತೆ ಬರುತ್ತದೆ. ಗೋಡೆಯ ಸಿಮೆಂಟನ್ನು ಉಪ್ಪು ತಿಂದಿದೆ. ಕಾಲ ಬೆರಳ ಸಂದಿಯನ್ನು ತಿಂದಿದೆ. ಬಾವಿ ಎಂದೋ ಉಪ್ಪಾಗಿದೆ. ಕುಡಿಯುವ ನೀರು ಮೂರು ದಿನಕ್ಕೊಮ್ಮೆ ದೋಣಿಯಲ್ಲಿ ಬರುತ್ತದೆ. ಸುತ್ತ ನೀರು, ಮನೆಯೊಳಗೆ ನೀರು, ಕುಡಿಯಲು ಮಾತ್ರ ಕಾಯಬೇಕು. ಹೀಗೆ ಸುಮಿತ್ರ ಅಜ್ಜಿಯ ಬಾವಿಕಟ್ಟೆಗೇ ಮರಳಿ ಬಂದಂತಾಯಿತು.

ತುರುತ್ತಿನವರು ಬೇರೆ ಜಾಗಕ್ಕೆ ಅರ್ಜಿ ಹಾಕಿದರು. ಕಮಿಟಿಯ ಮುಂದಾಳು ದೋಣಿಯ ಇಸ್ಮಾಯಿಲ್. ಅರ್ಜಿ ನೋಡಿದ ಅಧಿಕಾರಿ ಅವನನ್ನೇ ಕೇಳಿದ್ದ: "ನೀರು ಏರಿತು ಅನ್ನುವುದಕ್ಕೆ ಪುರಾವೆ? ನಿಮ್ಮ ನೆಲವೇ ಕುಸಿದಿರಬಹುದಲ್ಲ?" ವೀಕ್ಷಣಾಲಯದಿಂದ ಒಂದು ಕಾಗದ ತನ್ನಿ, ವರ್ಷ ವರ್ಷ ನೀರು ಇಷ್ಟಿಷ್ಟು ಏರಿದೆ ಎಂದು. ಮಾರ್ಚ್ ಇಪ್ಪತ್ತಕ್ಕೆ ವಿಚಾರಣೆ. ಕಾಗದ ಇಲ್ಲದಿದ್ದರೆ ಅರ್ಜಿ ವಜಾ.

ಸುಮಿತ್ರ ನಕ್ಕಿದ್ದಳು. "ಅಷ್ಟೇ ತಾನೆ? ಅದನ್ನು ಓದಿದವಳು ನಾನೇ. ನಾನೇ ತರುತ್ತೇನೆ."

ಅವಳೇ ಕಾಗದ ಕೇಳುವ ಅರ್ಜಿಯನ್ನು ಸಾರ್ ಮೇಜಿನ ಮೇಲೆ ಇಟ್ಟಳು. ಸಾರ್ ಓದಿ, ಕನ್ನಡಕ ತೆಗೆದು, "ನೋಡುವ" ಎಂದರು. ಎರಡು ವಾರ ನೋಡಿದರು. ಆಮೇಲೆ ಕಾಗದ ಬಂತು. ಇಂಗ್ಲಿಷಿನಲ್ಲಿತ್ತು. ಅದನ್ನು ಓದಿ ಹೇಳಿದವಳು ಆಫೀಸಿನ ಹುಡುಗಿ ಪಾವನಾ. ತಿರುವನಂತಪುರದಲ್ಲಿ ಹುಟ್ಟಿ ಬೆಳೆದ ಕನ್ನಡದವರ ಮಗಳು. ಕನ್ನಡ ಕೇಳಿದರೆ ತಿಳಿಯುತ್ತದೆ, ಬಾಯಿಗೆ ಬರುವುದು ಮಲಯಾಳವೇ.

"ಚೇಚ್ಚೀ, ಅಕ್ಕಾ," ಎಂದಳು ಪಾವನಾ, ಕಾಗದದಿಂದ ತಲೆ ಎತ್ತದೆ. "ಇದು ಬೇಡ. ಸಾರ್ ಹತ್ತಿರವೇ ಕೇಳಿ."

"ಓದು ಮೋಳೆ, ಓದು ಮಗಳೇ. ನಾನು ಓದಿದ್ದನ್ನೆಲ್ಲ ನೀವು ಓದಿದ್ದೀರಿ. ನೀವು ಬರೆದದ್ದು ಒಂದನ್ನು ನಾನು ಕೇಳಬಾರದಾ?"

ಪಾವನಾ ಓದಿದಳು. ಜೆಟ್ಟಿಯ ದಾಖಲೆಗಳನ್ನು ಹನ್ನೊಂದು ವರ್ಷದಿಂದ ತರಬೇತಿ ಇಲ್ಲದ ಶುಚಿತ್ವ ಸಿಬ್ಬಂದಿಯೊಬ್ಬರು ಓದಿರುವುದು ಗಮನಕ್ಕೆ ಬಂದಿದೆ. ಆದ್ದರಿಂದ ಪುನರ್ವಸತಿಯ ಉದ್ದೇಶಕ್ಕೆ ಅವು ನಂಬಲರ್ಹವಲ್ಲ.

ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವಳ ಕೆಲಸವನ್ನು ಆಫೀಸು ಲಿಖಿತವಾಗಿ ಒಪ್ಪಿಕೊಂಡಿತ್ತು.

ಅದೇ ವಾರ ಇನ್ನೊಂದು ಸುದ್ದಿ ಬಂತು. ಹನ್ನೊಂದು ವರ್ಷದಲ್ಲಿ ಒಂದು ದಿನವೂ ತಪ್ಪದ, ಒಂದು ಅಂಕಿಯೂ ಹುಸಿಯಾಗದ ಜೆಟ್ಟಿಯ ದಾಖಲೆಗೆ ದೊಡ್ಡ ಮನ್ನಣೆ ಸಿಗುವುದಿತ್ತು. ತಿರುವನಂತಪುರದಲ್ಲಿ ಸಮ್ಮೇಳನ. ವಿದೇಶದಿಂದ ಒಬ್ಬ ಹಿರಿಯ ವಿಜ್ಞಾನಿ ಹೆಂಗಸು ಬರುತ್ತಿದ್ದರು. ಆ ದಾಖಲೆಯೂ ಇದೇ. ಮೇಲೆ ಹೋಗುವಾಗ ನಂಬಲರ್ಹ, ಕೆಳಗೆ ಇಳಿಯುವಾಗ ಅಲ್ಲ.

"ನಮ್ಮ ಸುಮಿತ್ರಳೂ ಬರಲಿ," ಎಂದರು ಸಾರ್. "ಬಕೆಟ್ಟು ತಗೊಂಡು ಬಾ. ಸ್ಟೇಜಿನಲ್ಲಿ ಒಂದು ಸಲ ಓದಿ ತೋರಿಸು. ಜನರ ಸಹಭಾಗಿತ್ವ ಅಂತ ಉಂಟಲ್ಲ, ಅದಕ್ಕೆ ಚಂದ ಆಗ್ತದೆ."

"ಕಾಗದ ಸಾರ್? ನಮ್ಮ ತುರುತ್ತಿನ ಕಾಗದ?"

"ಮೊದಲು ಇದೊಂದು ಆಗಲಿ ಮಾರಾಯ್ತಿ. ಆಮೇಲೆ ನೋಡುವ."

ಅವಳು ಹೊರಟಳು. ಇಪ್ಪತ್ತಕ್ಕೆ ಇನ್ನು ಹನ್ನೆರಡು ದಿನ ಇತ್ತು. ಆಸೆ ಎಂಬುದು ಕಾಂಟ್ರಾಕ್ಟಿನ ಕೆಲಸದ ಹಾಗೆ, ಬಿಡಲೂ ಆಗದು, ಕಾಯಂ ಆಗುವುದೂ ಇಲ್ಲ.

*

ಎರ್ನಾಕುಲಂ ಸ್ಟೇಷನ್ನಿನಲ್ಲಿ ರೈಲು ತಡ. ಸಾರ್‌ಗೆ ಏಸಿ ಡಬ್ಬಿ, ಅವಳಿಗೂ ಬಕೆಟ್ಟಿಗೂ ಜನರಲ್ಲು. ಬಿಸಿಲು ಆಗಲೇ ಪ್ಲಾಟ್‌ಫಾರಂ ಸುಡುತ್ತಿತ್ತು. ಅವಳು ಒಣಗಿದ ತುಟಿ ಸವರಿಕೊಂಡದ್ದನ್ನು ಸಾರ್ ನೋಡಿದರು. ಒಳ್ಳೆಯ ಮನುಷ್ಯ. ತಮ್ಮ ಬಾಟಲಿ ತೆಗೆದರು.

"ನೀರು ಬೇಕಾ? ತಗೋ."

ಬಾಟಲಿಯನ್ನು ಕೈಗೆ ಕೊಡಲಿಲ್ಲ. ಎತ್ತರದಲ್ಲಿ ಹಿಡಿದು ಬಗ್ಗಿಸಿದರು. ಸುಮಿತ್ರಳ ಎರಡೂ ಕೈ ತಾವಾಗಿಯೇ ಕೂಡಿ ಬೊಗಸೆಯಾದವು. ಬೆನ್ನು ತಾನಾಗಿ ಬಾಗಿತು. ನೀರು ಬಿತ್ತು. ಕುಡಿದಳು. ಸಾರ್ ಏನೂ ಯೋಚಿಸಿರಲಿಲ್ಲ. ಅವಳೂ ಯೋಚಿಸಿರಲಿಲ್ಲ. ಊರು ಬಿಟ್ಟು ಮೂವತ್ತು ವರ್ಷವಾದರೂ ಎರಡು ಮೈಗಳಿಗೂ ಪಾಠ ಮರೆತಿರಲಿಲ್ಲ. ಕುಡಿದು ಮುಖ ಒರೆಸಿಕೊಳ್ಳುವಾಗ ಅವಳಿಗೆ ತಿಳಿಯಿತು. ಸಾರ್ ಬಾಟಲಿಯ ಮುಚ್ಚಳ ತಿರುಗಿಸುತ್ತ, "ಈ ಸಲ ಸೆಕೆ ಜೋರುಂಟು" ಎಂದರು.

ಮರುದಿನ ತಿರುವನಂತಪುರದಲ್ಲಿ, ಪಟ್ಟಂನ ಹಾಲಿನಲ್ಲಿ ಸೆಕೆ ಇರಲಿಲ್ಲ. ಒಳಗೆ ಕಾಲಿಟ್ಟರೆ ಹಲ್ಲು ಕಟಕಟ ಅನ್ನುವಷ್ಟು ಏಸಿ. ಭೂಮಿ ಬಿಸಿಯಾಗುತ್ತಿದೆ ಎಂದು ಹೇಳಲು ಬಂದವರೆಲ್ಲ ಕೋಟು ಹಾಕಿಕೊಂಡಿದ್ದರು. ಯಾರೋ ಬಂದು ಅವಳಿಗೆ ಮುಂಡು, ರವಿಕೆ ಕೊಟ್ಟು, ಚೂಡಿದಾರ ಬದಲಿಸಲು ಹೇಳಿದರು. ಕಡಲ ಹೆಣ್ಣಿನ ಹಾಗೆ ಕಾಣಬೇಕಂತೆ. ಹನ್ನೊಂದು ವರ್ಷ ಕಡಲಿನ ಬಳಿ ಇದ್ದವಳು ಅಂದು ಮೊದಲ ಬಾರಿಗೆ ಕಡಲ ಹೆಣ್ಣಾದಳು.

ಸ್ಟೇಜಿನ ಮೇಲೆ ನೀಲಿ ಡ್ರಮ್ಮು. ಬೆಳಿಗ್ಗೆ ಐದಕ್ಕೆ ಶಂಖುಮುಖದಿಂದ ವ್ಯಾನಿನಲ್ಲಿ ತಂದ ಸಮುದ್ರ. ಈಗ ಹನ್ನೆರಡು. ಆರು ಗಂಟೆಯಿಂದ ಸಮುದ್ರ ಏಸಿಯಲ್ಲಿ ಕೂತಿತ್ತು.

ರತ್ನಾಕರ ಅವಳ ಕಿವಿಯ ಬಳಿ ಬಗ್ಗಿದ. "ನೋಡಮ್ಮ, ನೀರು ತೆಗಿ, ಥರ್ಮಾಮೀಟರ್ ಇಡು, ಮೂವತ್ತು ಪಾಯಿಂಟ್ ನಾಲ್ಕು ಅಂತ ಹೇಳು. ಸ್ಲೈಡಲ್ಲಿ ಅದೇ ಇದೆ."

"ನೋಡುವ ಮೊದಲೇ ಹೇಗೆ ಗೊತ್ತು?"

"ಡೆಮೋ ಕಣಮ್ಮ ಇದು. ನೋಡೋದೇನ್ ಬಂತು."

"ಹನ್ನೊಂದು ವರ್ಷ ನೋಡಿಯೇ ಹೇಳಿದ್ದು."

"ಅದಕ್ಕೇ ತಾನೆ ಇಷ್ಟು ದೊಡ್ಡ ಸ್ಟೇಜು. ಇವತ್ತೊಂದು ದಿನ ನೋಡ್ದೆ ಹೇಳು."

ಪಾವನಾ ಮೈಕಿನಲ್ಲಿ ಅವಳ ಹೆಸರು ಕರೆದಳು. ಚಪ್ಪಾಳೆ. ಸುಮಿತ್ರ ಬಕೆಟ್ಟು ಮುಳುಗಿಸಿದಳು. ಮೊದಲ ನೀರು ಚೆಲ್ಲಿ ಎರಡನೆಯದು ತೆಗೆದಳು. ಥರ್ಮಾಮೀಟರ್ ಇಳಿಸಿ ಮುದುಕನ ಕಥೆ ಶುರು ಮಾಡಿದಳು. ಮುದುಕ ಇಳಿದ, ಹೊತ್ತ, ಹತ್ತಿದ, ಹೊಯ್ದ. ಹೊಯ್ಯುವಲ್ಲಿಗೆ ಬಂದಾಗ ಕಥೆ ನಿಂತಿತು. ಯಾರು ಏನು ಎಂದು ಕೇಳುವುದಿಲ್ಲ ಎಂಬ ಮಾತು ಬಾಯಿಗೆ ಬರಲಿಲ್ಲ.

ಪಾದರಸ ನಿಂತಿತ್ತು. ಇಪ್ಪತ್ತನಾಲ್ಕು ಪಾಯಿಂಟ್ ಎಂಟು.

ಸಾರ್ ಪಕ್ಕಕ್ಕೆ ಬಂದು ನಗುತ್ತ ಮೈಕು ಹಿಡಿದರು. "ಹೇಳು ಸುಮಿತ್ರ. ಎಷ್ಟು ಉಂಟು?"

"ನಾನು ಹೇಳುದಿಲ್ಲ ಸಾರ್."

ನಗು ಹಾಗೇ ಇತ್ತು. "ಎಂತ?"

"ನನಗೆ ತರಬೇತಿ ಇಲ್ಲ. ನಾನು ಓದಿದ್ದನ್ನು ನಂಬಬಾರದು. ನೀವೇ ಬರೆದು ಕೊಟ್ಟಿದ್ದೀರಿ. ಕಾಗದ ನನ್ನ ಚೀಲದಲ್ಲಿ ಉಂಟು. ತರಬೇತಿ ಆದವರು ಓದಲಿ."

ಮೈಕು ಎಲ್ಲವನ್ನೂ ಹಾಲಿಗೆ ಹಂಚಿತು. ಆದರೆ ಹಾಲಿಗೆ ಕನ್ನಡ ಬರುವುದಿಲ್ಲ. ಮುಂದಿನ ಸಾಲಿನಲ್ಲಿದ್ದ ವಿದೇಶದ ಹಿರಿಯಾಕೆ ಪಾವನಾಳ ಕಡೆ ನೋಡಿ, ಏನೆಂದರು ಎಂದು ಕೇಳಿದರು. ಸಾರ್ ಕೂಡ ಪಾವನಾಳ ಕಡೆ ನೋಡಿದರು. ಎರಡು ನೋಟಗಳ ನಡುವೆ ಹುಡುಗಿ ತನ್ನ ಮೈಕನ್ನು ಬಾಯಿಯ ಹತ್ತಿರ ತಂದಳು. ಆಮೇಲೆ ಇಂಗ್ಲಿಷಿನಲ್ಲಿ, ಒಂದು ಮಾತೂ ಬಿಡದೆ, ಕಾಗದವನ್ನೂ ಸೇರಿಸಿ ಹೇಳಿದಳು.

ಈಗ ಬಕೆಟ್ಟು ಸಾರ್ ಕೈಯಲ್ಲಿತ್ತು. ಸಾರ್ ಸಮುದ್ರದ ಬಗ್ಗೆ ನಲವತ್ತು ಲೇಖನ ಬರೆದಿದ್ದರು. ಬಕೆಟ್ಟು ಹಿಡಿದದ್ದು ವಿದ್ಯಾರ್ಥಿಯಾಗಿದ್ದಾಗ. ಥರ್ಮಾಮೀಟರನ್ನು ನೀರಿನಿಂದ ಎತ್ತಿದರು. ಬೆಳಕಿಗೆ ಹಿಡಿದರು. ಏಸಿಯ ಗಾಳಿ ನೇರ ಅದರ ಮೇಲೆ ಬೀಸುತ್ತಿತ್ತು. ಕಣ್ಣು ಕಿರಿದು ಮಾಡಿದರು. "ಮೂವತ್ತು ಪಾಯಿಂಟ್ ನಾಲ್ಕು," ಎಂದರು.

ಹಿರಿಯಾಕೆ ಎದ್ದರು. ಕೋಲು ಊರುತ್ತ ಸ್ಟೇಜಿಗೆ ಬಂದರು. ಕನ್ನಡಕ ಏರಿಸಿ ನೋಡಿದರು. ಮೈಕಿನಲ್ಲೇ ಹೇಳಿದರು, ಇಪ್ಪತ್ತನಾಲ್ಕು ಎಂದು.

ಹನ್ನೊಂದು ವರ್ಷ ಬಿಸಿಯಾದ ಸಮುದ್ರವನ್ನು ಸಾರ್ ಒಂದು ನಿಮಿಷದಲ್ಲಿ ಆರು ಡಿಗ್ರಿ ಇಳಿಸಿದ್ದರು. ಜಗತ್ತು ಹುಡುಕುತ್ತಿದ್ದ ಔಷಧ ಪಟ್ಟಂನಲ್ಲಿ ಸಿಕ್ಕಿತ್ತು. ಒಂದು ದೊಡ್ಡ ಏಸಿ ಸಾಕು.

ಹಿರಿಯಾಕೆ ಸುಮಿತ್ರಳ ಕೈಯನ್ನು ಹಿಡಿದು ನೋಡಿದರು. ಹಗ್ಗ ಕೊಯ್ದ ಗೆರೆಗಳ ಮೇಲೆ ಹೆಬ್ಬೆರಳು ಓಡಿಸಿದರು. ಮುಂದಿನ ಸೋಮವಾರ ಕೊಚ್ಚಿಯ ಜೆಟ್ಟಿಗೆ ನಾನೇ ಬರುತ್ತೇನೆ, ಇವರು ಓದುವುದನ್ನು ನೋಡುತ್ತೇನೆ, ಮನ್ನಣೆಯ ಮಾತು ಆಮೇಲೆ, ಎಂದರು. ಪಾವನಾ ಅದನ್ನು ಕನ್ನಡದಲ್ಲಿ ಹೇಳಿದಳು. ತಡವರಿಸಿದ ಕನ್ನಡ. ಆದರೂ ಕನ್ನಡ.

ಸುಮಿತ್ರ ಮುಂಡು ಬಿಚ್ಚಿ, ಮಡಚಿ, ಕುರ್ಚಿಯ ಮೇಲಿಟ್ಟಳು. ಚೂಡಿದಾರ ಹಾಕಿಕೊಂಡಳು. ಬಕೆಟ್ಟನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿದಳು.

*

ಮರುದಿನ ಅವಳು ಜೆಟ್ಟಿಗೆ ಹೋಗಲಿಲ್ಲ. ಅದರ ಮರುದಿನವೂ ಇಲ್ಲ. ರತ್ನಾಕರ ಫೋನು ಮಾಡಿದ.

"ಏನಮ್ಮ ನಿನ್ ಕಥೆ? ನಾಲ್ಕೂವರೆಗೆ ಎದ್ದು ಸಾಯ್ತಿದೀನಿ. ಆ ಮೆಟ್ಟಿಲ ಮೇಲೆ ಜಾರಿ ಕಾಲು ಕೊಯ್ಕೊಂಡೆ."

"ಉಪ್ಪುನೀರಲ್ಲಿ ತೊಳೀಬೇಡಿ. ಉರೀತದೆ."

"ತಮಾಷೆ ಮಾಡ್ಬೇಡ. ಸೋಮವಾರ ಬರ್ತೀಯೋ ಇಲ್ವೋ?"

"ಕಾಗದ ಬಂದ್ರೆ ನಾನೂ ಬರ್ತೇನೆ."

ಕಾಗದ ಬರಲಿಲ್ಲ. ಭಾನುವಾರ ಬೆಳಿಗ್ಗೆ ಆರಕ್ಕೆ ಸಾರ್ ಬಂದರು. ಹುಣ್ಣಿಮೆಯ ಮರುದಿನ. ಇಸ್ಮಾಯಿಲನ ದೋಣಿಯಲ್ಲಿ ಬಂದರು. ಒಂದು ಕೈಯಲ್ಲಿ ಬೂಟು, ಇನ್ನೊಂದರಲ್ಲಿ ಥರ್ಮಾಮೀಟರ್ ಸಮೇತ ಬಕೆಟ್ಟು, ಪ್ಯಾಂಟು ಮೊಣಕಾಲ ಮೇಲೆ. ಓಣಿಯಲ್ಲಿ ನೀರು ಆಗಲೇ ಏರುತ್ತಿತ್ತು. ನಲವತ್ತಮೂರು ಬಾಗಿಲಲ್ಲಿ ಹೆಂಗಸರು ಸೀರೆ ಎತ್ತಿ ಕಟ್ಟಿ ನಿಂತು ನೋಡಿದರು. ಡೈರೆಕ್ಟರು ಬಂದದ್ದು ಇದೇ ಮೊದಲು. ನೀರು ಮಾತ್ರ ದಿನಾ ಬರುತ್ತಿತ್ತು.

"ಬನ್ನಿ ಸಾರ್. ಮಂಚದ ಮೇಲೆ ಕೂತ್ಕೊಳ್ಳಿ. ಕಾಲು ಮೇಲಿಡಿ, ಕಕ್ಕಸಿನದ್ದೂ ಸೇರಿರ್ತದೆ."

ಸಾರ್ ಕಾಲು ಮೇಲಿಟ್ಟರು. ಮಂಚ ಇಟ್ಟಿಗೆಯ ಮೇಲಿತ್ತು. ಒಂದು ಚಪ್ಪಲಿ ತೇಲುತ್ತ ಬಂದು ಅವರ ಬೂಟನ್ನು ನೋಡಿ ಹೋಯಿತು.

"ನಾಳೆ ಆ ಅಮ್ಮ ಬರ್ತಾರೆ," ಎಂದರು ಸಾರ್. "ನೀನು ಬರ್ಲೇ ಬೇಕು. ಆಫೀಸಿನ ಮರ್ಯಾದೆ ಪ್ರಶ್ನೆ."

"ಕಾಗದ?"

"ಅದು ಹೋಗಿ ಆಯ್ತಲ್ಲ. ಹಿಂದೆ ತೆಗೊಳ್ಳಲಿಕ್ಕೆ ಆಗುದಿಲ್ಲ ಮಾರಾಯ್ತಿ. ತರಬೇತಿ ಇಲ್ಲದವರ ರೀಡಿಂಗು ಸರಿ ಉಂಟು ಅಂತ ನಾನು ಯಾವ ಆಧಾರದ ಮೇಲೆ ಬರೀಲಿ?"

"ನೀರು ಇಳಿದ ಮೇಲೆ ಮಾತಾಡುವ," ಎಂದಳು ಸುಮಿತ್ರ.

"ಇಲ್ಲ, ಇಲ್ಲ, ನಾನು ಎಂಟಕ್ಕೆ ಆಫೀಸಲ್ಲಿರಬೇಕು." ಸಾರ್ ಬಾಗಿಲಲ್ಲಿ ನಿಂತ ಇಸ್ಮಾಯಿಲನನ್ನು ಕರೆದರು.

ಇಸ್ಮಾಯಿಲ್ ತಲೆ ಕೆರೆದ. "ಸಾರೇ, ಉಬ್ಬರ ಬಂದರೆ ನಮ್ಮ ಕಾಲುಸೇತುವೆಯ ಕೆಳಗೆ ದೋಣಿ ನುಗ್ಗುವುದಿಲ್ಲ. ನೀರು ಅಷ್ಟು ಮೇಲೆ ಬರುತ್ತೆ. ಮೊದಲು ನುಗ್ಗುತ್ತಿತ್ತು. ಈಗ ನಾಲ್ಕು ವರ್ಷದಿಂದ ಇಲ್ಲ. ಒಂಬತ್ತು ಆಗಬೇಕು."

"ಅದನ್ನು ಬರುವಾಗ ಹೇಳುದಲ್ವಾ?"

"ತರಬೇತಿ ಇಲ್ಲದವನು ಸಾರೇ. ನಂಬುತ್ತೀರೋ ಇಲ್ಲವೋ ಅಂತ ಹೇಳಲಿಲ್ಲ."

ಪಕ್ಕದ ಮನೆಯಿಂದ ಒಂದು ನಗು ಚಿಮ್ಮಿ ಅಡಗಿತು.

ಸುಮಿತ್ರ ನಗಲಿಲ್ಲ. ಗೋಡೆಗೆ ಟೇಪು ತಾಗಿಸಿ ಓದಿದಳು, ಬಕೆಟ್ಟಿಗೆ ನೀರು ತೆಗೆದು ಥರ್ಮಾಮೀಟರ್ ಇಳಿಸಿ ಓದಿದಳು, ಯಾರಿಗೂ ಹೇಳಲಿಲ್ಲ. ಗೋಡೆಯಿಂದ ಕ್ಯಾಲೆಂಡರ್ ಇಳಿಸಿ, ಅದರ ಹಿಂದೆ ಏನೋ ಬರೆದು, ಮಡಚಿ, ಇಸ್ಮಾಯಿಲನ ಕೈಗೆ ಕೊಟ್ಟಳು. ದರ್ಜಿಯ ಟೇಪನ್ನೂ ಬಕೆಟ್ಟನ್ನೂ ಸಾರ್ ಮುಂದೆ ಇಟ್ಟಳು.

"ಆಧಾರ ಬೇಕು ಅಂದ್ರಲ್ಲ ಸಾರ್. ನೀವು ಓದಿ. ನಾನು ಓದಿ ಬರೆದು ಕೊಟ್ಟಿದ್ದೇನೆ. ಎರಡೂ ಒಂದೇ ಬಂದರೆ ಹಾಗಂತ ಬರೆಯಿರಿ. ಬೇರೆ ಬಂದರೆ ನಾಳೆ ನಾನು ಬಂದು ಆ ಅಮ್ಮನ ಮುಂದೆ ನನಗೆ ಬರುದಿಲ್ಲ ಅಂತ ಹೇಳ್ತೇನೆ. ನಲವತ್ತಮೂರು ಮನೆಯವರೂ ಬಾಯಿ ಮುಚ್ಚಿ ಕೂರ್ತೇವೆ."

ಬಾಗಿಲ ತುಂಬ ಮುಖಗಳಿದ್ದವು. ಸಾರ್ ಆ ಮುಖಗಳನ್ನು ನೋಡಿದರು, ನೀರು ನೋಡಿದರು, ಗಡಿಯಾರ ನೋಡಿದರು. ಏಳು ಗಂಟೆ. ಆಮೇಲೆ ಒಂದೊಂದೇ ಕಾಲನ್ನು ಇಳಿಬಿಟ್ಟರು. ಮೊಣಕಾಲ ತನಕ ನೀರು. ಮೇಲೇರಿಸಿದ ಪ್ಯಾಂಟು ಜಾರಿ ನೆನೆಯಿತು. ಟೇಪಿನ ತುದಿಯನ್ನು ನೆಲಕ್ಕೆ ಮುಟ್ಟಿಸಲು ಬಗ್ಗಬೇಕಾಯಿತು. ಮುಖ ನೀರಿನ ತನಕ ಬಂತು. ವಾಸನೆಗೆ ಉಸಿರು ಬಿಗಿಹಿಡಿದರು.

"ಗೋಡೆಗೆ ತಾಗಿಸಿ ಹಿಡೀರಿ ಸಾರ್. ಅಲೆ ನಿಲ್ಲಲಿ. ಕಣ್ಣು ನೀರಿನ ಮಟ್ಟಕ್ಕೆ ಬರ್ಬೇಕು. ಇನ್ನೂ ಬಗ್ಗಿ."

ಸಾರ್ ಇನ್ನೂ ಬಗ್ಗಿದರು.

"ನಲವತ್ತೊಂದು ಸೆಂಟಿಮೀಟರ್."

"ಈಗ ಬಕೆಟ್ಟು. ಮೊದಲಿನ ನೀರು ಚೆಲ್ಲಿ. ಹಾಂ. ಥರ್ಮಾಮೀಟರ್ ಎತ್ತಬೇಡಿ ಸಾರ್, ಎತ್ತಬೇಡಿ. ಗಾಳಿ ತಿಂತದೆ. ಒಂದು ನಿಮಿಷ ಕಾಯಿರಿ."

ಸಾರ್ ಕಾದರು. ಮುದುಕ ಸಮುದ್ರಕ್ಕೆ ಇಳಿದು, ಹೊತ್ತು, ಗಟ್ಟ ಹತ್ತಿ ಬರುವಷ್ಟು ಹೊತ್ತು.

"ಮೂವತ್ತು ಪಾಯಿಂಟ್ ಎರಡು," ಎಂದರು ಸಾರ್, ಬಗ್ಗಿದಲ್ಲಿಂದ ತಲೆ ಎತ್ತದೆ.

ಇಸ್ಮಾಯಿಲ್ ಮಡಚಿದ ಕಾಗದ ಬಿಚ್ಚಿ ಮೊದಲು ಹೆಂಗಸರಿಗೆ ತೋರಿಸಿದ. ಆಮೇಲೆ ಸಾರ್‌ಗೆ ತೋರಿಸಿದ. ನಲವತ್ತೊಂದು. ಮೂವತ್ತು ಪಾಯಿಂಟ್ ಎರಡು.

ಸಾರ್ ಅದನ್ನು ಎರಡು ಸಲ ಓದಿದರು. ಲೆಟರ್‌ಹೆಡ್ಡು ಆಫೀಸಿನಲ್ಲಿ ಉಂಟು ಎಂದರು. ಕ್ಯಾಲೆಂಡರಿನ ಹಿಂದೆ ಜಾಗ ಇದೆ ಎಂದಳು ಸುಮಿತ್ರ. ಪೆನ್ನು ನೆನೆದಿದೆ ಎಂದರು. ಪಕ್ಕದ ಮನೆಯಿಂದ ಪೆನ್ನು ತಲೆಯಿಂದ ತಲೆಗೆ ದಾಟಿ ಬಂತು. ಸಾರ್ ಮಂಚ ಹತ್ತಿ, ಒದ್ದೆ ತೊಡೆಯ ಮೇಲೆ ಕ್ಯಾಲೆಂಡರ್ ಇಟ್ಟು ಬರೆದರು. ಕೈತತುರುತ್ತಿನ ಸುಮಿತ್ರ ಎಂಬವರ ಓದು ಮತ್ತು ನನ್ನ ಓದು ಒಂದೇ. ಹನ್ನೊಂದು ವರ್ಷದ ಅವರ ಓದನ್ನು ನಂಬಬಹುದು. ಹಿಂದಿನ ಪತ್ರ ರದ್ದು. ಹೆಸರು, ಹುದ್ದೆ, ತಾರೀಕು. ತಾರೀಕಿನ ಕೆಳಗೆ ಸಹಿ. ಹೀಗೆ ಒಮ್ಮೆಯಾದರೂ ಓದಿದವರೇ ಸಹಿ ಮಾಡಿದ ಹಾಗಾಯಿತು.

ಸುಮಿತ್ರ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಟ್ಟದ ಮೇಲಿಟ್ಟಳು.

ಎಂಟಾಯಿತು. ನೀರು ಇನ್ನೂ ಇಳಿದಿರಲಿಲ್ಲ. ಬಿಸಿಲು ತಗಡಿನ ಮಾಡಿನ ಮೇಲೆ ಕೂತಿತು. ಸಾರ್ ಬೆವರುತ್ತಿದ್ದರು. ತುಟಿ ಒಣಗಿತ್ತು. ಸುತ್ತಲೂ ನೋಡಿ, ಸ್ವಲ್ಪ ಹಿಂಜರಿದು ಕೇಳಿದರು.

"ಕುಡಿಲಿಕ್ಕೆ ನೀರು ಉಂಟಾ?"

"ಉಂಟು ಸಾರ್. ನಿನ್ನೆ ದೋಣಿ ಬಂದಿತ್ತು." ಅಟ್ಟದಿಂದ ಕೊಡ ಇಳಿಸಿದಳು. ಲೋಟದ ಬುಟ್ಟಿಯ ಕಡೆ ನೋಡಿದಳು. ಬುಟ್ಟಿ ಅರ್ಧ ಮುಳುಗಿತ್ತು, ಲೋಟಗಳ ಬಾಯಲ್ಲಿ ಕಪ್ಪು ನೀರು ಆಡುತ್ತಿತ್ತು. "ಲೋಟ ಎಲ್ಲ ಹಾಳಾಗಿದೆ. ಕೈ ಒಡ್ಡಿ."

ಸಾರ್ ಒಂದು ಕ್ಷಣ ತಡೆದರು. ಬಾಯಾರಿಕೆ ತಡೆಯಲಿಲ್ಲ. ಎರಡು ಕೈ ಕೂಡಿ ಬೊಗಸೆಯಾಯಿತು. ಬೆನ್ನು ಬಾಗಿತು. ಸುಮಿತ್ರ ಕೊಡವನ್ನು ಎತ್ತರಕ್ಕೆ ಹಿಡಿದು ಬಗ್ಗಿಸಿದಳು. ನೂಲಿನ ಹಾಗೆ ನೀರು ಬಿತ್ತು. ಸಾರ್ ಕುಡಿದರು. ಅರ್ಧದಲ್ಲಿ ಏನೋ ನೆನಪಾದ ಹಾಗೆ ನಿಂತರು. ತಮ್ಮ ಕೈಗಳನ್ನು ನೋಡಿದರು. ಕೊಡವನ್ನು ನೋಡಿದರು. ಅವಳ ಮುಖ ನೋಡಲಿಲ್ಲ.

"ಸಾಕಾ ಸಾರ್? ಇನ್ನೂ ಹೊಯ್ಯಲಾ?"

ಅವರು ಮತ್ತೆ ಬೊಗಸೆ ಒಡ್ಡಿದರು. ಅವಳು ಮತ್ತೆ ಹೊಯ್ದಳು. ಕೊಡ ಅವರ ಕೈಗೆ ತಾಗಲಿಲ್ಲ. ಒಂದು ಹನಿಯೂ ಕೆಳಗೆ ಚೆಲ್ಲಲಿಲ್ಲ. ಅದರಲ್ಲಿ ಅವಳಿಗೆ ಪೂರ್ತಿ ತರಬೇತಿ ಇತ್ತು.